ಮೆತ್ತನೆಯ ಸಾಣೆಕಲ್ಲು

ಕಳೆದ ನವರಾತ್ರಿಯ ಹೊತ್ತಿಗೆ ಅಪ್ಪ ಫೋನು ಮಾಡಿ, ‘ಕಾರು ಕೊಟ್ಟುಬಿಡುವ ಅಂತ ಮಾಡಿದ್ದೇನೆ. ನೋಡ್ಲಿಕ್ಕೆ ಜನ ಬರ್ತಾರೆ. ನೀನು ಬಂದು ಅದರ ಮೈ ಒಂದ್ಸಲ ಸಮ ಮಾಡಿ ಕೊಡು’ ಎಂದರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದ ಮೇಲೆ ಅವರು ಸ್ಟೀರಿಂಗು ಹಿಡಿದಿರಲಿಲ್ಲ. ಜಾಲಿಯ ನಮ್ಮ ಮನೆಯಂಗಳದಲ್ಲಿ, ತೆಂಗಿನಮರದ ಪಕ್ಕ, ಆ ನೀಲಿ ಆಲ್ಟೊ ಎರಡು ಮಳೆಗಾಲ ನಿಂತಲ್ಲೇ ಕಳೆದಿತ್ತು. ಕಡಲತೀರ ಅಲ್ಲಿಂದ ಕೂಗಳತೆ. ರಾತ್ರಿ ಗಾಳಿ ತಿರುಗಿದರೆ ಕಿಟಕಿಯ ಸರಳು ನೆಕ್ಕಿದರೂ ಉಪ್ಪು ಸಿಗುವ ಜಾಗ.

ನಾನು ಓದುತ್ತಿರುವುದು ಹದಿನೈದು, ಹದಿನಾರನೇ ಶತಮಾನದ ಭಟ್ಕಳ ಬಂದರಿನ ಕುದುರೆ ವ್ಯಾಪಾರ. ಕಾರಿನ ಮೈ ತಿಕ್ಕುವುದಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ ಎಂದುಕೊಂಡೇ ಧಾರವಾಡದಿಂದ ಬಸ್ಸು ಹತ್ತಿದೆ. ಚೀಲದಲ್ಲಿ ಗೆಳೆಯನೊಬ್ಬ ಕೊಟ್ಟ ಸಣ್ಣ ಡಬ್ಬಿಯಿತ್ತು. ಅದರೊಳಗೆ ಸೋಪಿನ ಬಿಲ್ಲೆಯಂಥ, ಮುಟ್ಟಿದರೆ ಚಪಾತಿ ಹಿಟ್ಟಿನಂತೆ ಮೆತ್ತಗಾಗುವ ಒಂದು ಮುದ್ದೆ. ಅಂಗಡಿಯವರು ಅದಕ್ಕೆ ಕ್ಲೇ ಬಾರ್ ಎನ್ನುತ್ತಾರೆ. ‘ಮಣ್ಣು ಹಚ್ಚಿ ಕಾರು ತೊಳೆಯುತ್ತಾರಂತೆ’ ಎಂದು ಅಮ್ಮ ನಕ್ಕಳು. ಅವಳ ನಗುವಿನಲ್ಲಿ ನ್ಯಾಯವಿತ್ತು. ನಮ್ಮೂರಿನಲ್ಲಿ ವರ್ಷವಿಡೀ ಎಲ್ಲರೂ ಮಾಡುವುದು ಕಾರಿನ ಮೇಲಿಂದ ಮಣ್ಣು ತೆಗೆಯುವ ಕೆಲಸವನ್ನು.

ಹೆಸರು ಜೇಡಿಯಾದರೂ ಅದರಲ್ಲಿ ಜೇಡಿಮಣ್ಣಿಲ್ಲ. ಅದು ಪಾಲಿಬ್ಯುಟೀನ್ ಎಂಬ ಅಂಟುಗುಣದ ಕೃತಕ ರಾಳದೊಳಗೆ ಬಹಳ ನುಣುಪಾದ ಸಾಣೆಪುಡಿ ಕಲಸಿದ ಮುದ್ದೆ. ಕಂಡುಹಿಡಿದದ್ದು ಜಪಾನಿನಲ್ಲಿ. ತಡಾವೊ ಕೊಡಾಟೆ ಎಂಬವರಿಗೆ 1995ರ ಡಿಸೆಂಬರಿನಲ್ಲಿ ಅಮೆರಿಕದ ಪೇಟೆಂಟು ಸಿಕ್ಕಿತು. ಆ ಪೇಟೆಂಟಿನ ತಲೆಬರಹದಲ್ಲಿ ಜೇಡಿ ಎಂಬ ಮಾತೇ ಇಲ್ಲ. ಅಲ್ಲಿರುವ ಹೆಸರನ್ನು ಕನ್ನಡಕ್ಕೆ ತಂದರೆ ‘ಮೆತುವಾದ, ಬಾಗುವ ಸಾಣೆಕಲ್ಲು’ ಎಂದಾಗುತ್ತದೆ. ನನಗೆ ಈ ಹೆಸರು ಬಹಳ ಹಿಡಿಸಿತು. ಮಾರುವವರಿಗೆ ಹಿಡಿಸಲಿಲ್ಲವೆಂದು ಕಾಣುತ್ತದೆ. ಹೊಸ ಕಾರಿನ ಮೇಲೆ ಸಾಣೆಕಲ್ಲು ಉಜ್ಜಿ ಎಂದರೆ ಯಾರು ಕೊಳ್ಳುತ್ತಾರೆ? ಮಣ್ಣು ಎಂದರೆ ಮೃದು, ಮನೆಯದು, ಮಕ್ಕಳಾಡುವುದು. ಹಾಗಾಗಿ ಕಲ್ಲು ಮಣ್ಣಾಯಿತು. ಆ ಪೇಟೆಂಟಿನ ಹಕ್ಕಿಗಾಗಿ ಅಮೆರಿಕದ ನ್ಯಾಯಾಲಯಗಳಲ್ಲಿ ಕಂಪನಿಗಳು ಹೊಡೆದಾಡಿದವು. ಈಗ ಅದರ ಅವಧಿಯೂ ಮುಗಿದಿದೆ, ಯಾರು ಬೇಕಾದರೂ ಮಾಡಿ ಮಾರಬಹುದು. ಅದಕ್ಕೇ ನನ್ನಂಥವರ ಚೀಲಕ್ಕೂ ಬಂದು ಬಿದ್ದಿದೆ. ಆದರೆ ಹಳೆಯ ಹೆಸರನ್ನು ಮರೆಯಬಾರದಿತ್ತು. ಮರೆತದ್ದಕ್ಕೆ ನಾನು ಏನು ತೆತ್ತೆ ಎಂಬುದನ್ನು ಮುಂದೆ ಹೇಳುತ್ತೇನೆ.

ಈ ಸಾಣೆಕಲ್ಲು ಯಾಕೆ ಬೇಕಾಯಿತು ಎಂದು ತಿಳಿಯಲು ಬಣ್ಣದ ಕಥೆಗೆ ಹೋಗಬೇಕು. ಮೊದಮೊದಲ ಮೋಟಾರು ಗಾಡಿಗಳಿಗೆ ಕುದುರೆ ಸಾರೋಟಿಗೆ ಬಳಿಯುತ್ತಿದ್ದ ಎಣ್ಣೆ ವಾರ್ನಿಶನ್ನೇ ಬಳಿಯುತ್ತಿದ್ದರು. ಪದರದ ಮೇಲೆ ಪದರ. ಒಂದು ಗಾಡಿಯ ಬಣ್ಣ ಪೂರ್ತಿ ಆರಲು ವಾರಗಟ್ಟಲೆ ಹಿಡಿಯುತ್ತಿತ್ತು. ಫೋರ್ಡ್ ಕಂಪನಿಯ ಮಾಡೆಲ್ ಟಿ 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಷ್ಟೇ ಸಿಗುತ್ತಿತ್ತು. ಅಂಥ ಕಪ್ಪು ಅರಗಿನ ಬಣ್ಣಕ್ಕೆ ಇಂಗ್ಲಿಷಿನಲ್ಲಿ ಜಪಾನ್ ಎಂದೇ ಹೆಸರು. ಜಪಾನಿನ ಉರುಶಿ ಮರದ ರಸದಿಂದ ಮಾಡುವ ಮೆರುಗಿನ ಪಾತ್ರೆಗಳನ್ನು ಕಂಡು ಬೆರಗಾದ ಯುರೋಪಿನವರು ತಮ್ಮ ನಕಲಿಗೆ ಇಟ್ಟ ಹೆಸರು ಅದು. ಆ ಉರುಶಿ ಪಾತ್ರೆಗಳಿಗೆ ಕೊನೆಯ ಹೊಳಪು ಕೊಡುವುದು ಜಿಂಕೆ ಕೊಂಬಿನ ನುಣುಪಾದ ಬೂದಿಯಿಂದ, ಅದೂ ಬರಿಗೈಯಲ್ಲಿ. ನಮ್ಮ ಚನ್ನಪಟ್ಟಣದ ಅರಗಿನ ಗೊಂಬೆಗಳನ್ನು ಚರಕಿ ತಿರುಗುತ್ತಿರುವಾಗಲೇ ತಾಳೆ ಎಲೆಯಿಂದ, ಎಂದರೆ ಕೇದಗೆಯ ಎಲೆಯಿಂದ, ಒತ್ತಿ ಹಿಡಿದು ಮೆರುಗು ಬರಿಸುತ್ತಾರಲ್ಲ, ಆ ಜಾತಿಯ ಕೆಲಸ. ಮೆರುಗೆಂಬುದು ಬಳಿಯುವುದರಿಂದ ಬರುವುದಕ್ಕಿಂತ ಹೆಚ್ಚಾಗಿ ಉಜ್ಜುವುದರಿಂದ ಬರುತ್ತದೆ ಎಂಬುದು ಎರಡೂ ಕಡೆಯ ಕುಶಲಕರ್ಮಿಗಳಿಗೆ ಗೊತ್ತಿತ್ತು.

1923–24ರ ಹೊತ್ತಿಗೆ ಡ್ಯುಪಾಂಟ್ ಕಂಪನಿಯ ಡ್ಯೂಕೋ ಎಂಬ ಬೇಗ ಆರುವ ನೈಟ್ರೋಸೆಲ್ಯುಲೋಸ್ ಬಣ್ಣ ಬಂದಿತು. ಓಕ್‌ಲ್ಯಾಂಡ್ ಕಾರುಗಳು ನೀಲಿ ಬಣ್ಣದಲ್ಲಿ ಹೊರಬಂದವು. ಕಪ್ಪಿನ ಕಾಲ ಮುಗಿಯಿತು. ಆಮೇಲಿನದನ್ನೆಲ್ಲ ಬಿಟ್ಟು ನಮ್ಮ ವಿಷಯಕ್ಕೆ ಬೇಕಾದ ಒಂದನ್ನಷ್ಟೇ ಹೇಳುವುದಾದರೆ, 1980ರ ದಶಕದಲ್ಲಿ ಬಣ್ಣದ ಮೇಲೆ ಇನ್ನೊಂದು ಬಣ್ಣವಿಲ್ಲದ, ಗಾಜಿನಂಥ ಪಾರದರ್ಶಕ ಪದರ ಬಳಿಯುವುದು ರೂಢಿಯಾಯಿತು. ಇದಕ್ಕೆ ಕ್ಲಿಯರ್ ಕೋಟ್ ಎನ್ನುತ್ತಾರೆ. ದಪ್ಪ ಸುಮಾರು 40–50 ಮೈಕ್ರಾನು, ಅಂದರೆ ನಮ್ಮ ತಲೆಗೂದಲಿಗಿಂತ ತೆಳು. ಹಳೆಯ ಕಾರಿನ ಬಣ್ಣ ಮಂಕಾದರೆ ಒರಟು ಪಾಲಿಶು ಹಾಕಿ ಒಂದು ಪದರ ಕೆರೆದುಬಿಟ್ಟರೆ ಕೆಳಗೆ ಇನ್ನೂ ಬಣ್ಣವಿರುತ್ತಿತ್ತು. ಈಗ ಕೆರೆಯಲು ಇರುವುದೇ ಆ ಕೂದಲೆಳೆಯಷ್ಟು. ಮೇಲೆ ಅಂಟಿಕೊಂಡದ್ದನ್ನು ತೆಗೆಯಬೇಕು, ಕೆಳಗಿನದನ್ನು ಮುಟ್ಟಬಾರದು. ಕೊಡಾಟೆಯ ಮುದ್ದೆ ಬಂದದ್ದು ಈ ಇಕ್ಕಟ್ಟಿನಲ್ಲಿ. ಬಾಡಿ ಶಾಪುಗಳಲ್ಲಿ ಒಂದು ಕಾರಿಗೆ ಬಣ್ಣ ಸಿಂಪಡಿಸುವಾಗ ಪಕ್ಕದ ಕಾರಿನ ಮೇಲೆ ಹಾರಿ ಕೂರುವ ಬಣ್ಣದ ತುಂತುರು ತೆಗೆಯುವುದು ಅದರ ಮುಖ್ಯ ಕೆಲಸಗಳಲ್ಲೊಂದು. ಮನೆಯಂಗಳಕ್ಕೆ ಬಂದದ್ದು ಆಮೇಲೆ.

ಶನಿವಾರ ಬೆಳಿಗ್ಗೆ, ಅಂಗಳಕ್ಕೆ ಬಿಸಿಲು ಬರುವ ಮೊದಲೇ, ಕಾರನ್ನು ಶಾಂಪೂ ನೀರಿನಲ್ಲಿ ಚೆನ್ನಾಗಿ ತೊಳೆದೆ. ತೊಳೆದ ಮೇಲೆ ನೋಡಿದರೆ ಹೊಳೆಯುತ್ತಿತ್ತು, ಇನ್ನೇನೂ ಬೇಡ ಅನ್ನಿಸುವಷ್ಟು. ಗೆಳೆಯ ಹೇಳಿಕೊಟ್ಟಂತೆ ಕೈಗೆ ತೆಳುವಾದ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಾಗಿಲ ಮೇಲೆ ಸವರಿದೆ. ಬರಿಗೈಗೆ ಸಿಗದದ್ದು ಚೀಲದೊಳಗಿನ ಬೆರಳಿಗೆ ಸಿಗುತ್ತದೆ. ಚೀಲ ಬಣ್ಣದ ಮೇಲೆ ಜಾರುವುದರಿಂದ ಬೆರಳಿನ ತೇವ ಅಡ್ಡ ಬರುವುದಿಲ್ಲ, ಉಬ್ಬುಗಳಷ್ಟೇ ತಟ್ಟುತ್ತವೆ. ಬಲಗಡೆಯ ಬಾಗಿಲು ಸಣ್ಣ ರವೆಯಂತಿತ್ತು. ಎಡಗಡೆಯದು ಮರಳು ಕಾಗದ. ಅಪ್ಪನ ಕೈಗೂ ಚೀಲ ಹಾಕಿ ಮುಟ್ಟಿಸಿದೆ. ಅವರು ಎಡಬಾಗಿಲಿನ ಮೇಲೆ ಬಹಳ ಹೊತ್ತು ಕೈಯಾಡಿಸಿ, ‘ಹೌದಲ್ಲ’ ಎಂದಷ್ಟೇ ಹೇಳಿದರು.

ಕೆಲಸ ಕಷ್ಟದ್ದಲ್ಲ. ಮುದ್ದೆಯಲ್ಲಿ ಒಂದು ತುಂಡು ಮುರಿದು ನಾದಿ, ಅಂಗೈಗಿಂತ ಸಣ್ಣ ಬಿಲ್ಲೆ ಮಾಡಿಕೊಳ್ಳಬೇಕು. ತುಂಡು ಮಾಡಿಕೊಳ್ಳುವುದು ಯಾಕೆಂದರೆ ಒಂದು ಕೆಳಗೆ ಬಿದ್ದರೂ ಉಳಿದದ್ದು ಇರಲಿ ಎಂದು. ಒಂದು ಮೊಳ ಜಾಗಕ್ಕೆ ಶಾಂಪೂ ಬೆರೆಸಿದ ನೀರು ಧಾರಾಳವಾಗಿ ಸಿಂಪಡಿಸಬೇಕು. ನೀರಿನ ಪದರದ ಮೇಲೆ ಬಿಲ್ಲೆ ತೇಲಬೇಕು, ಒತ್ತಬಾರದು. ಗೋಲಾಕಾರ ತಿರುಗಿಸಬಾರದು, ನೆಟ್ಟಗೆ ಹೋಗಿ ನೆಟ್ಟಗೆ ಬರಬೇಕು. ಮೊದಮೊದಲು ಕರಕರ ಎನ್ನುತ್ತದೆ, ಎಲ್ಲೋ ಹಿಡಿಯುತ್ತದೆ. ನಾಲ್ಕಾರು ಸಲ ಆಡಿಸುವಷ್ಟರಲ್ಲಿ ಸದ್ದು ನಿಂತು ಸರ್ರನೆ ಜಾರತೊಡಗುತ್ತದೆ. ಆ ಸದ್ದು ನಿಲ್ಲುವ ಗಳಿಗೆಯೇ ಆ ಜಾಗ ಮುಗಿಯಿತೆಂಬ ಸೂಚನೆ. ಬಿಲ್ಲೆ ಮಗುಚಿ ನೋಡಿ, ಕೊಳೆಯಾಗಿದ್ದರೆ ಮಡಚಿ ಮತ್ತೆ ನಾದಿ ಹೊಸ ಮುಖ ತೆರೆಯಬೇಕು. ಕೊನೆಗೆ ತೊಳೆದು, ಒರೆಸಿ, ಮೇಣ ಹಚ್ಚಬೇಕು, ಯಾಕೆಂದರೆ ಇದು ಕೊಳೆಯ ಜೊತೆ ಹಳೆಯ ಮೇಣವನ್ನೂ ತೆಗೆದುಬಿಟ್ಟಿರುತ್ತದೆ. ವರ್ಷಕ್ಕೆ ಒಂದೆರಡು ಸಲಕ್ಕಿಂತ ಹೆಚ್ಚು ಮಾಡುವ ಕೆಲಸವಲ್ಲ.

ಬಿಲ್ಲೆ ಮಗುಚಿ ನೋಡುವ ಹೊತ್ತಿನಲ್ಲಿ ನನ್ನ ಓದಿನ ಚಾಳಿ ಎದ್ದುಕೊಂಡಿತು. ಬಾನೆಟ್ಟಿನ ಮೇಲಿನದು ಕೆಂಗಂದು. ಅದರ ಗುರುತು ಹೇಳಲು ಪರಿಣತರು ಬೇಡ. ನಮ್ಮ ಗೋಡೆ, ನಮ್ಮ ಬಾವಿ, ನಮ್ಮ ದರೆ, ಎಲ್ಲವೂ ಚಿರೇಕಲ್ಲು. ಹೊಸದಾಗಿ ಕಡಿದಾಗ ಕೊಡಲಿಗೆ ಮೆತ್ತಗೆ, ಗಾಳಿಗೆ ನಿಂತಂತೆ ಗಟ್ಟಿ. 1800–01ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಈ ಕಲ್ಲನ್ನು ನೋಡಿ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಮಾತಿನಿಂದ ಲ್ಯಾಟರೈಟ್ ಎಂದು ಹೆಸರು ಕಟ್ಟಿ 1807ರ ತನ್ನ ಪುಸ್ತಕದಲ್ಲಿ ಅಚ್ಚು ಹಾಕಿಸಿದ. ಭೂವಿಜ್ಞಾನದ ಪುಸ್ತಕಗಳು ಇದನ್ನು ನಾಮಕರಣವೆಂದು ಬರೆಯುತ್ತವೆ. ಜಂಬಿಟ್ಟಿಗೆ ಎನ್ನುವ ನಮ್ಮ ಮಾತಿನೊಳಗೆ ಆ ಇಟ್ಟಿಗೆ ಮೊದಲೇ ಕುಳಿತಿತ್ತು. ಇರಲಿ. ಇದರ ಕೆಂಪು ಕಬ್ಬಿಣದ ಆಕ್ಸೈಡಿನದು, ಪುಡಿ ಸಾಕಷ್ಟು ಒರಟು. ಒಣಬಟ್ಟೆಯಲ್ಲಿ ಕಾರಿನ ಧೂಳು ಒರೆಸುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ. ಹಾಗೆ ಮಾಡುವಾಗ ನಾವು ಒರೆಸುತ್ತಿರುವುದಲ್ಲ, ಅರೆಯುತ್ತಿರುತ್ತೇವೆ.

ಹಿಂದಿನ ಬಂಪರಿನ ಮೇಲಿನ ಕಿತ್ತಳೆ ಚುಕ್ಕೆಗಳದ್ದು ಬೇರೆ ಕಥೆ. ಅವು ಬ್ರೇಕುಗಳಿಂದ, ಹಳಿಗಳಿಂದ ಏಳುವ ಕಬ್ಬಿಣದ ಕಣಗಳು. ಬಿಸಿಬಿಸಿಯಾಗಿ ಹಾರಿ ಬಂದು ಕೂತು, ನೀರು ತಾಗಿ ಅಲ್ಲೇ ತುಕ್ಕು ಹಿಡಿಯುತ್ತವೆ. ರೈಲಿನಲ್ಲಿ ಸಾಗಿಸಿದ ಹೊಸ ಕಾರುಗಳ ಮೇಲೆ ಮೊದಲು ಗಮನಕ್ಕೆ ಬಂದದ್ದರಿಂದ ಇದಕ್ಕೆ ರೈಲಿನ ಧೂಳು ಎಂದೇ ಇಂಗ್ಲಿಷಿನಲ್ಲಿ ಹೆಸರಿದೆ. ಕೊಂಕಣ ರೈಲ್ವೆ 1998ರ ಜನವರಿ 26ರಂದು ಪೂರ್ತಿ ತೆರೆದುಕೊಂಡಿತು. ಅಪ್ಪ ಈ ಕಾರನ್ನು ಭಟ್ಕಳ ಸ್ಟೇಶನ್ನಿನ ಹೊರಗೆ ನಿಲ್ಲಿಸಿ ಮುಂಬೈಯಿಂದ ಬರುವವರಿಗಾಗಿ ಕಾದ ರಾತ್ರಿಗಳು ಬಹಳ. ಗಾಲಿಯ ಮೇಲಿನ ಅಂಚಿನಲ್ಲಿ ಡಾಂಬರಿನ ಕರಿ ಚುಕ್ಕೆಗಳಿದ್ದವು, ಹೆದ್ದಾರಿ ನಾಲ್ಕು ಪಥವಾಗುತ್ತಿದ್ದ ವರ್ಷಗಳವು. ಉಪ್ಪು ಮಾತ್ರ ಬಿಲ್ಲೆಗೆ ಸಿಗುವುದಿಲ್ಲ, ಅದು ನೀರಿನಲ್ಲೇ ಹೋಗುತ್ತದೆ. ಆದರೆ ಅದೇ ಎಲ್ಲಕ್ಕಿಂತ ಕೆಟ್ಟದ್ದು. ಗಾಳಿಯ ತೇವಾಂಶ ನೂರಕ್ಕೆ ಎಪ್ಪತ್ತೈದರ ಆಸುಪಾಸು ದಾಟಿತೆಂದರೆ ಅಡುಗೆ ಉಪ್ಪು ತಾನೇ ನೀರು ಹೀರಿ ಕರಗುತ್ತದೆ. ನಮ್ಮ ಕರಾವಳಿಯಲ್ಲಿ ಅದು ದಾಟದ ರಾತ್ರಿಗಳು ಕಡಿಮೆ. ಹೀಗಾಗಿ ಇಲ್ಲಿ ಕಾರು ಮಳೆ ಇಲ್ಲದಾಗಲೂ ಒದ್ದೆಯಾಗಿಯೇ ನಿಂತಿರುತ್ತದೆ. ಜಾಲಿಯ ದೊಡ್ಡ ಮನೆಗಳ ಪೋರ್ಟಿಕೋಗಳಲ್ಲಿ ಹೊದಿಕೆ ಹೊದ್ದು ಮಲಗಿರುವ ಕಾರುಗಳನ್ನು ನೋಡಿದಾಗೆಲ್ಲ ನನಗೆ ಇದು ನೆನಪಾಗುತ್ತದೆ. ಯಜಮಾನರು ದುಬೈಯಲ್ಲೋ ದಮ್ಮಾಮಿನಲ್ಲೋ ಇರುತ್ತಾರೆ, ಹೊದಿಕೆಯೊಳಗೆ ಉಪ್ಪು ತನ್ನ ಕೆಲಸ ನಡೆಸಿರುತ್ತದೆ.

ಕೊಲ್ಲಿಯಿಂದ ಭಟ್ಕಳಕ್ಕೆ ವಾಹನ ಬರುವುದು ಹೊಸತಲ್ಲ. ಆಗ ಬರುತ್ತಿದ್ದದ್ದು ಕುದುರೆ. 1516ರ ಸುಮಾರಿಗೆ ಬರೆದ ಪೋರ್ಚುಗೀಸ್ ಅಧಿಕಾರಿ ದುವಾರ್ತೆ ಬಾರ್ಬೋಸಾ, ಹೋರ್ಮುಜ್‌ನಿಂದ ಇಲ್ಲಿಗೆ ಕುದುರೆ ಬರುವುದನ್ನೂ ಇಲ್ಲಿಂದ ಅಕ್ಕಿ, ಪುಡಿಸಕ್ಕರೆ, ಕಬ್ಬಿಣ ಹೋಗುವುದನ್ನೂ ದಾಖಲಿಸಿದ್ದಾನೆ. ಕುದುರೆಗಳು ಘಟ್ಟ ಹತ್ತಿ ವಿಜಯನಗರಕ್ಕೆ ಹೋಗುತ್ತಿದ್ದವು. ಅವುಗಳ ಬೆಲೆಯ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ಆರೈಕೆಯ ಬಗ್ಗೆ ಬರೆದದ್ದು ಅಪರೂಪ. ಅಂಥ ಒಂದು ಅಪರೂಪದ ಮಾತು ಮಾರ್ಕೊ ಪೋಲೋನದು. ಅದು ನಮ್ಮ ತೀರದ್ದಲ್ಲ, ಹದಿಮೂರನೇ ಶತಮಾನದ ಕೊನೆಯ ಪಾಂಡ್ಯರ ತೀರದ್ದು. ಅಲ್ಲಿಗೆ ಬಂದ ಕುದುರೆಗಳಲ್ಲಿ ಹೆಚ್ಚಿನವು ಆರೈಕೆ ತಿಳಿದವರಿಲ್ಲದೆ ಸಾಯುತ್ತವೆ, ಕುದುರೆ ಮಾರುವವರು ಲಾಳ ಕಟ್ಟುವ, ಮದ್ದು ಮಾಡುವ ಜನರನ್ನು ತಾವೂ ಕರೆತರುವುದಿಲ್ಲ, ಬರಲೂ ಬಿಡುವುದಿಲ್ಲ, ಸತ್ತಷ್ಟೂ ವ್ಯಾಪಾರ ಎಂಬುದು ಅವನ ವರದಿಯ ಸಾರ. ಅವನ ಮಾತನ್ನು ಪೂರ್ತಿ ನಂಬಬೇಕಾಗಿಲ್ಲ. ಆದರೆ ಮಾರುವವನಿಗೆ ಕೊಂಡವನ ಕೈಯಲ್ಲಿ ಆರೈಕೆಯ ವಿದ್ಯೆ ಇರುವುದು ಬೇಡ ಎನ್ನುವ ಗುಮಾನಿ ಇಷ್ಟು ಹಳೆಯದು ಎಂದು ತಿಳಿದಾಗ ನನಗೆ ಒಂದು ತರಹದ ಸಮಾಧಾನವಾಗಿತ್ತು.

ಕುದುರೆ ತಂದ ಹಡಗುಗಳ ಮೈ ಕಾಯುವ ವಿದ್ಯೆ ಮಾತ್ರ ನಮ್ಮ ಕಡಲಿನಲ್ಲಿ ಎಲ್ಲರ ಕೈಯಲ್ಲೂ ಇತ್ತು. ಕತ್ತದ ಹಗ್ಗದಲ್ಲಿ ಹೊಲಿದ ಹಲಗೆಗಳಿಗೆ ಮೀನೆಣ್ಣೆ ಸವರುವುದನ್ನು ಅದೇ ಮಾರ್ಕೊ ಪೋಲೋ ಹೋರ್ಮುಜ್‌ನಲ್ಲಿ ಕಂಡಿದ್ದ. ಅರಬ್ಬಿ ಕಡಲಿನ ಮರದ ಹಡಗುಗಳಿಗೆ ನೀರಿನ ಮೇಲಿನ ಭಾಗಕ್ಕೆ ಶಾರ್ಕ್ ಮೀನಿನ ಎಣ್ಣೆ, ನೀರಿನೊಳಗಿನ ಭಾಗಕ್ಕೆ ಸುಣ್ಣ ಮತ್ತು ಕೊಬ್ಬಿನ ಲೇಪ ಹಚ್ಚುವುದು ಮೊನ್ನೆಮೊನ್ನೆಯವರೆಗೂ ನಡೆದಿತ್ತು. ನನ್ನ ಅಪ್ಪ ಈ ಸಾಲಿನ ಕೊನೆಯ ತುದಿಯವರು. ಮೂವತ್ತೈದು ವರ್ಷ ಮಾವಿನಕುರ್ವೆಯ ಬಂದರಿನಲ್ಲಿ ಬೋಟುಗಳಿಗೆ ಬಣ್ಣ ಹೊಡೆದವರು. ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಬೋಟುಗಳು ದಡಕ್ಕೆ ಬರುತ್ತವೆ. ತಳಕ್ಕೆ ಕಚ್ಚಿಕೊಂಡ ಚಿಪ್ಪುಹುಳುಗಳನ್ನು ಕೆರೆದು, ಸಂದು ತುಂಬಿ, ಬೋಟು ಮತ್ತೆ ನೀರಿಗಿಳಿಯುವ ಮುಂಚಿನ ದಿನಗಳಲ್ಲಿ ಮಳೆ ಬಿಟ್ಟ ಹೊತ್ತು ನೋಡಿ ಬಣ್ಣ. ಚಿಪ್ಪು ಕಚ್ಚದಂತೆ ತಳಕ್ಕೆ ಹೊಡೆಯುವ ಬಣ್ಣ ನಮ್ಮಲ್ಲಿ ಹೆಚ್ಚಾಗಿ ಕೆಂಪು. ಮೊದಲು ಬ್ರಶ್ಶು, ಆಮೇಲೆ ಕಂಪ್ರೆಸರಿನ ಗನ್ನು.

ಎಡಬಾಗಿಲಿನ ಮೇಲೆ ಬಿಲ್ಲೆ ಆಡಿಸಿ ಮಗುಚಿದಾಗ ಮುಖವೆಲ್ಲ ಕೆಂಪಾಗಿತ್ತು. ಚಿರೇಕಲ್ಲಿನ ಕೆಂಪಲ್ಲ, ಗಾಢ ಕೆಂಪು. ನಡುವೆ ಅಲ್ಲೊಂದು ಇಲ್ಲೊಂದು ಹಸಿರು. ನಾನು ಅಪ್ಪನಿಗೆ ವಿವರಿಸಿದೆ. ಅವರು ಮೆಟ್ಟಿಲ ಮೇಲೆ ಕುಳಿತಲ್ಲಿಂದಲೇ, ‘ಅದು ನಂದೇ ಕೆಲಸ’ ಎಂದರು. ಕಾರು ತಂದ ಮೇಲೆ ಕೆಲಸಕ್ಕೆ ಅದರಲ್ಲೇ ಹೋಗುತ್ತಿದ್ದರಂತೆ. ನಿಲ್ಲಿಸಲು ಇದ್ದದ್ದು ಒಂದೇ ಜಾಗ, ಎಡಮಗ್ಗುಲು ಬೋಟಿನ ಕಡೆಗೆ. ಗಾಳಿ ಪಡುವಣದಿಂದ ಬೀಸಿದಾಗ ಗನ್ನಿನ ತುಂತುರೆಲ್ಲ ಇದರ ಮೇಲೆ. ‘ಬೇರೆಯವರ ಬೈಕು ಅಲ್ಲಿಟ್ರೆ ಬೈದು ತೆಗೆಸ್ತಿದ್ದೆ. ನಮ್ಮದಲ್ವಾ, ಇರ್ಲಿ ಅಂತ ಬಿಟ್ಟೆ.’

ಅಭಿಲೇಖಾಗಾರಗಳಲ್ಲಿ ಕಾಗದದ ಧೂಳು ತೆಗೆಯುವುದಕ್ಕೂ ಒಂದು ಶಿಸ್ತಿದೆ. ಯಾವುದು ಕೊಳೆ, ಯಾವುದು ದಾಖಲೆ ಎಂದು ಮೊದಲು ನಿರ್ಧರಿಸಬೇಕು, ತೆಗೆದ ಮೇಲೆ ನಿರ್ಧರಿಸಲು ಏನೂ ಉಳಿದಿರುವುದಿಲ್ಲ. ಬಾಗಿಲಿನ ಅರ್ಧ ಆಗಿತ್ತು. ಉಳಿದರ್ಧ ಹಾಗೇ ಬಿಡಲೇ ಎಂದು ಕೇಳಿದೆ. ಅಪ್ಪನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ‘ಅರ್ಧ ತಿಕ್ಕಿ ಯಾರಾದ್ರೂ ಬಿಡ್ತಾರಾ? ತೆಗಿ ತೆಗಿ’ ಎಂದರು. ಬೋಟಿನ ಚಿಪ್ಪು ಕೆರೆದವರಿಗೆ ಅಂಟಿಕೊಂಡದ್ದೆಲ್ಲ ತೆಗೆಯಬೇಕಾದ್ದೇ. ತೆಗೆದೆ. ಹತ್ತು ನಿಮಿಷದಲ್ಲಿ ಸದ್ದು ನಿಂತಿತು.

ಅನಾಹುತವಾದದ್ದು ಅದರ ನಂತರ. ಬಾನೆಟ್ಟಿನ ಇನ್ನೊಂದು ಬದಿ ಉಳಿದಿತ್ತು, ಕೈ ಸೋತಿತ್ತು, ಬಿಲ್ಲೆ ಜಾರಿ ಅಂಗಳಕ್ಕೆ ಬಿತ್ತು. ಬಿದ್ದ ತುಂಡನ್ನು ಎಸೆಯಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಡಬ್ಬಿಯಲ್ಲಿ ಇನ್ನೊಂದು ತುಂಡೂ ಇತ್ತು. ಆದರೂ ಎತ್ತಿಕೊಂಡು, ನೀರಿನಲ್ಲಿ ತೊಳೆದು, ಕಂಡ ಹರಳುಗಳನ್ನು ಉಗುರಿನಲ್ಲಿ ಕಿತ್ತು, ಮಡಚಿ ನಾದಿ ಮುಂದುವರಿಸಿದೆ. ಮಣ್ಣಿನ ಮುದ್ದೆಗೆ ಮಣ್ಣು ತಾಗಿದರೆ ಏನಾಗುತ್ತದೆ ಎಂದು ಒಳಗೆಲ್ಲೋ ಅನ್ನಿಸಿರಬೇಕು. ಅದು ಸಾಣೆಕಲ್ಲೆಂಬುದನ್ನು ಓದಿ, ಬರೆದುಕೊಂಡು, ಮರೆತಿದ್ದೆ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಬಾನೆಟ್ಟಿನ ಮೇಲೆ ಗೇಣುದ್ದದ ಹನ್ನೆರಡು ಹದಿನೈದು ಗೀರುಗಳು ಬೆಳ್ಳಗೆ ಎದ್ದು ಕಂಡವು, ಎಲ್ಲವೂ ಒಂದೇ ದಿಕ್ಕಿಗೆ, ನಾನು ಕೈಯಾಡಿಸಿದ ನೇರಕ್ಕೆ. ಕಾರಿಗೆ ಇಷ್ಟು ವರ್ಷದಲ್ಲಿ ಕಡಲು, ಹೆದ್ದಾರಿ, ರೈಲು ಮಾಡದ ಗಾಯವನ್ನು ನಾನು ಒಂದು ಮಧ್ಯಾಹ್ನದಲ್ಲಿ ಮಾಡಿದ್ದೆ.

ಅಪ್ಪ ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಆ ತುದಿಯಿಂದ ಈ ತುದಿಗೆ ಸವರಿದರು. ಅಷ್ಟು ಸಣ್ಣ ಗೀರು ಕೈಗೆ ಸಿಗುವುದಿಲ್ಲ. ಕಣ್ಣಿಗೆ ಸಿಗುತ್ತದೆ, ಅವರ ಕಣ್ಣಿಗಲ್ಲ. ‘ಗಾಜಾಯ್ತಲ್ಲ’ ಎಂದರು. ಹೇಳದೆ ಇದ್ದುಬಿಡುವುದು ಬಹಳ ಸುಲಭವಿತ್ತು. ರಾತ್ರಿ ಊಟವಾದ ಮೇಲೆ ಹೇಳಿದೆ. ಬಿದ್ದ ತುಂಡು, ತೊಳೆದದ್ದು, ಎಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಎಷ್ಟು ಉದ್ದ, ಎಷ್ಟು ಗೀರು, ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತದೋ ಎಂದು ಕೇಳಿದರು. ಸಿಕ್ಕಿಕೊಳ್ಳುವುದಿಲ್ಲ ಎಂದೆ. ‘ಹಾಗಾದ್ರೆ ಮೇಲಿನ ಪದರದಲ್ಲೇ ಇದೆ’ ಎಂದು ಎದ್ದು ಹೋದರು.

ಭಾನುವಾರ ಶಿರಾಲಿಯ ಕಡೆಯಿಂದ ಇಬ್ಬರು ಬಂದರು. ಒಬ್ಬರು ಇಂಜಿನಿನ ಸದ್ದು ಕೇಳಿದರು, ಇನ್ನೊಬ್ಬರು ಕಾರಿನ ಸುತ್ತ ಬಂದು ಎಡಬಾಗಿಲಿನ ಹೊಳಪು ನೋಡಿ, ಹೊಸ ಬಣ್ಣ ಹೊಡೆಸಿದ್ದೀರಾ ಎಂದು ಅನುಮಾನಪಟ್ಟರು. ಇಲ್ಲ, ಕಂಪನಿಯದ್ದೇ ಎಂದರು ಅಪ್ಪ. ಬೆಲೆ ಒಂದು ಹಂತಕ್ಕೆ ಬಂದಿತ್ತು. ಆಗ ಅಪ್ಪ ಬಾನೆಟ್ಟಿನ ಬಳಿ ಹೋಗಿ, ಕಾಣದ ಆ ಜಾಗವನ್ನು ನಾನು ಹೇಳಿದ ಲೆಕ್ಕದ ಮೇಲೆ ಗೇಣಿನಿಂದ ಅಳೆದು, ಬೆರಳಿಟ್ಟು ತೋರಿಸಿದರು. ‘ಇಲ್ಲಿ ಹದಿನೈದು ಗೀರು ಉಂಟು. ಮಗಳು ತಿಕ್ಕುವಾಗ ಆದದ್ದು. ಬಿಸಿಲಿಗೆ ಓರೆಯಾಗಿ ನಿಂತು ನೋಡಿ, ಕಾಣ್ತದೆ.’ ಅವರು ಬಗ್ಗಿ ನೋಡಿ ಎರಡು ಸಾವಿರ ಇಳಿಸಿದರು. ಅಪ್ಪ ಒಂದು ಸಾವಿರಕ್ಕೆ ನಿಲ್ಲಿಸಿದರು. ಬೀಗದ ಕೈ ಕೊಡುವ ಮೊದಲು ಅಂಗಳದ ಮೂಲೆಯ ಬಕೆಟ್ಟಿನಿಂದ ಒದ್ದೆ ಬಟ್ಟೆ ತಂದು, ನೀರು ಸುರಿಯುತ್ತಾ, ಮುಂದಿನ ಗಾಜು ಒರೆಸಿ ಕೊಟ್ಟರು.